ತೂಗಿ ನುಡಿದ ಆಚಾರ್ಯರು

ಸುರತ್ಕಲ್ಲಿನಲ್ಲಿ ಸಂಗೀತ ಕಚೇರಿಯೊಂದು ನಡೆದ ಮರುದಿನ ವಿದ್ಯಾರ್ಥಿಗಳಿಗೆ ಅದರ ವಿಮರ್ಶೆಯನ್ನು ಬರೆಯಹೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಬರಹಗಳು ಕೈಸೇರುತ್ತವೆ. ಒಂದರಲ್ಲಿ ಗಾಯನವು ಆದ್ಯಂತವೂ ಕರ್ಣಾನಂದಕರ. ಇನ್ನೊಂದರಲ್ಲಿ ವರ್ಣದಿಂದ ಮಂಗಳದವರೆಗೆ ಬರಿಯ ತಪ್ಪುಗಳ ಪಟ್ಟಿ. ಮೊದಲನೆಯದರಿಂದ ಗಾಯಕನಿಗೆ ಪ್ರಯೋಜನವಿಲ್ಲ; ಎರಡನೆಯದರಿಂದ ಕೇಳುಗನಿಗೆ ಪ್ರಯೋಜನವಿಲ್ಲ. ಇವೆರಡರ ನಡುವಣ ಹಾದಿ ಯಾವುದೆಂದು ಕೇಳುವವರಿಗೆ ನಾನು ಸೂತ್ರಗಳನ್ನು ಹೇಳಹೋಗುವುದಿಲ್ಲ. ಮೈಸೂರು ವಾಸುದೇವಾಚಾರ್ಯರ ಬಾಳನ್ನು ನೆನಪಿಸುತ್ತೇನೆ.

ಆಚಾರ್ಯರು 1865ರಲ್ಲಿ ಮೈಸೂರಿನಲ್ಲಿ ಜನಿಸಿದರು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರನ್ನು ತಾಯಿಯ ತಂದೆ ಸಾಕಿ ಬೆಳೆಸಿದರು. ಸಂಸ್ಕೃತದ ಅಧ್ಯಯನ ಒಂದು ಕಡೆ ಸಾಗುತ್ತಿರಲು, ಮನಸ್ಸನ್ನು ಸಂಗೀತ ಸೆಳೆಯಿತು. ಮೊದಲ ಪಾಠಗಳು ವೀಣೆ ಪದ್ಮನಾಭಯ್ಯನವರಲ್ಲಿ ಆದುವು. ಅನಂತರ ಚಾಮರಾಜ ಒಡೆಯರ ಆಶ್ರಯ ದೊರೆತು, ತರುಣನು ಕಾವೇರಿಯ ತಡಿಯ ತಿರುವೈಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ ಬಳಿಗೆ ಹೋದನು.

ಆ ಊರಿನಲ್ಲಿ ಆತನಿಗೆ ದೊರೆತದ್ದು ಗಾನಪಾಠ ಮಾತ್ರವಲ್ಲ. ತಾರತಮ್ಯದ ಪಾಠವೂ ಹೌದು. ಅಲ್ಲಿಯೇ ಮಹಾವೈದ್ಯನಾಥ ಅಯ್ಯರೂ ಇದ್ದರು. ಇಬ್ಬರೂ ತ್ಯಾಗರಾಜರ ಶಿಷ್ಯರಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯರಲ್ಲಿ ಕಲಿತವರು. ವೈದ್ಯನಾಥ ಅಯ್ಯರಿಗೆ ಮೂರು ಸ್ಥಾಯಿಗಳಲ್ಲಿಯೂ ನಿರಾಯಾಸವಾಗಿ ಸಂಚರಿಸುವ ಶಾರೀರ ದೈವದತ್ತವಾಗಿತ್ತು. ಪಟ್ಣಂ ಅವರದಾದರೋ ಹುಟ್ಟಿನಿಂದ ಒರಟಾದ, ಭಾರವಾದ ಕಂಠ. ಅದನ್ನು ಅವರು ವರ್ಷಗಳ ಸಾಧನೆಯಿಂದ ಪಳಗಿಸಿಕೊಂಡಿದ್ದರು. ಬೇಗಡೆ ರಾಗವು ಅವರ ಹೆಸರಿಗೇ ಅಂಟಿಕೊಳ್ಳುವಷ್ಟು ಅವರ ವಶವಾಯಿತು. ಒಂದೇ ಪರಂಪರೆಯ ಈ ಇಬ್ಬರನ್ನು ಒಂದೇ ಅಳತೆಗೋಲಿನಿಂದ ಅಳೆದರೆ ಒಬ್ಬರಿಗೆ ಅನ್ಯಾಯವಾಗುವುದು ಖಂಡಿತ. ಗುರುವಿನ ಕಂಠದ ಒರಟುತನವನ್ನು ಮರೆಮಾಡದೆ, ಅದನ್ನು ಗೆದ್ದ ಶ್ರಮವನ್ನೂ ಮರೆಯದೆ ಇರುವುದು ಹೇಗೆಂಬುದನ್ನು ಶಿಷ್ಯನು ಅಲ್ಲಿ ಕಲಿತನು.

ಮೈಸೂರಿಗೆ ಮರಳಿ ಆಸ್ಥಾನ ವಿದ್ವಾಂಸರಾದ ಮೇಲೆ ಅವರ ಸುತ್ತಲೂ ಘಟಾನುಘಟಿಗಳಿದ್ದರು. ವೀಣೆಯಲ್ಲಿ ಶೇಷಣ್ಣನವರು ಮತ್ತು ಸುಬ್ಬಣ್ಣನವರು. ಗಾಯನದಲ್ಲಿ ಬಿಡಾರಂ ಕೃಷ್ಣಪ್ಪನವರು. ಕೃಷ್ಣಪ್ಪನವರು ನಮ್ಮ ಕರಾವಳಿಯವರೇ. ಕವಿ ಮುದ್ದಣನು ಹುಟ್ಟಿದ ನಂದಳಿಕೆಯೇ ಅವರ ಹುಟ್ಟೂರು. ಬಡತನದಲ್ಲಿ ಬೆಳೆದು, ಮೈಸೂರಿನಲ್ಲಿ ಹೆಸರು ಗಳಿಸಿ, ದಾಸರ ಪದಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ಕಲ್ಪಿಸಿದವರು. ಆಚಾರ್ಯರಿಗೂ ಅವರಿಗೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಒಂದೇ ಊರು, ಒಂದೇ ವೃತ್ತಿ. ರಾಜಾಶ್ರಯವಿದ್ದಲ್ಲಿ ಮಾತ್ಸರ್ಯಕ್ಕೆ ಎಡೆಯಿಲ್ಲದಿರುವುದು ಅಪರೂಪ. ಇಂಥಲ್ಲಿ ಸಮಕಾಲೀನನ ಗುಣವನ್ನು ಬಾಯಿತುಂಬ ಹೇಳುವುದಕ್ಕೆ ವಿದ್ವತ್ತಿನ ಜೊತೆಗೆ ದೊಡ್ಡ ಮನಸ್ಸೂ ಬೇಕು.

ಆ ಮನಸ್ಸಿಗೆ ಸಾಕ್ಷಿಯಾಗಿ ‘ನಾ ಕಂಡ ಕಲಾವಿದರು’ ಎಂಬ ಗ್ರಂಥವಿದೆ. ಆಚಾರ್ಯರ ಕೀರ್ತನೆಗಳು ಬಹುಮಟ್ಟಿಗೆ ತೆಲುಗು ಮತ್ತು ಸಂಸ್ಕೃತದಲ್ಲಿವೆ. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ದಕ್ಷಿಣದೇಶದಲ್ಲೆಲ್ಲ ಮನೆಮಾತಾಗಿದೆ. ಆದರೆ ತಾವು ಕೇಳಿದ ಕಲಾವಿದರನ್ನು ಕುರಿತು ಹೇಳಬೇಕಾದಾಗ ಅವರು ಆರಿಸಿಕೊಂಡದ್ದು ಕನ್ನಡವನ್ನು. ಅಲ್ಲಿ ಬರುವವರಲ್ಲಿ ಬಹಳ ಮಂದಿ ಆ ಹೊತ್ತಿಗೆ ತೀರಿಹೋಗಿದ್ದರು. ಸತ್ತವರು ಬಂದು ತಿದ್ದಲಾರರು, ಪ್ರತಿ ಹೇಳಲಾರರು. ಆ ಎಚ್ಚರ ಬರಹದಲ್ಲಿ ಎದ್ದು ಕಾಣುತ್ತದೆ. ಕಲಾವಿದನ ಶಾರೀರ, ಬಾನಿ, ಅಭ್ಯಾಸ, ಸ್ವಭಾವ ಇವು ಕಣ್ಣಿಗೆ ಕಟ್ಟುವಂತೆ ಬರುತ್ತವೆ, ಹಾಸ್ಯವುಂಟು, ಕುಹಕವಿಲ್ಲ.

1935ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯು ಅವರನ್ನು ಸಂಗೀತ ಕಲಾನಿಧಿಯೆಂದು ಗೌರವಿಸಿತು. ಇಳಿವಯಸ್ಸಿನಲ್ಲಿ ರುಕ್ಮಿಣೀದೇವಿಯವರ ಕರೆಗೆ ಓಗೊಟ್ಟು ಕಲಾಕ್ಷೇತ್ರಕ್ಕೆ ಹೋದರು; ತೊಂಬತ್ತರ ಆಸುಪಾಸಿನಲ್ಲಿ ಅಲ್ಲಿಯ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತವನ್ನು ರಚಿಸಿದರು. 1959ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 1961ರ ಮೇ ತಿಂಗಳಲ್ಲಿ ಕಾಲವಶರಾದರು. ಅವರು ಪೂರ್ಣಗೊಳಿಸದೆ ಉಳಿಸಿದ್ದ ರಾಮಾಯಣದ ಭಾಗಗಳಿಗೆ ಮೊಮ್ಮಗ ರಾಜಾರಾಮರು ಸಂಗೀತವನ್ನು ಅಳವಡಿಸಿದರು.

ಆಚಾರ್ಯರ ಗ್ರಂಥ ಸ್ಮರಣೆಯೇ ಹೊರತು ವಿಮರ್ಶೆಯಲ್ಲ, ಅಷ್ಟು ಔದಾರ್ಯ ಪತ್ರಿಕೆಯ ವಿಮರ್ಶಕನಿಗೆ ಸಲ್ಲದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ವಿಮರ್ಶಕನೆದುರು ಇರುವವನು ಜೀವಂತ ಗಾಯಕ. ನಾಳೆ ಮತ್ತೆ ಹಾಡಬೇಕಾದವನು. ಶ್ರುತಿ ಜಾರಿದ್ದರೆ, ಸಾಹಿತ್ಯ ಒಡೆದಿದ್ದರೆ ಅದನ್ನು ಹೇಳಲೇಬೇಕು. ಆದರೆ ಹೇಳುವ ಮೊದಲು ಆತನು ಯಾವ ಬಾನಿಯವನು, ಯಾವ ಕಂಠವನ್ನು ಪಡೆದು ಬಂದವನು, ಏನನ್ನು ಸಾಧಿಸಹೊರಟವನು ಎಂಬುದನ್ನು ಕಿವಿಗೊಟ್ಟು ತಿಳಿಯಬೇಕು. ದೋಷವನ್ನು ಹೆಸರಿಸುವಾಗ ಅದು ಹಾಡಿನ ಯಾವ ಎಡೆಯಲ್ಲಿ, ಏತರಿಂದ ಬಂದಿತೆಂಬುದನ್ನೂ ಕಾಣಿಸಬೇಕು. ಆಗ ಮಾತ್ರ ಗಾಯಕನು ತಿದ್ದಿಕೊಂಡಾನು, ಕೇಳುಗನು ಕಲಿತಾನು.

ಒರಟು ಕಂಠವೆಂದು ಬರೆದು ಮುಗಿಸುವುದು ಸುಲಭ. ಆ ಕಂಠದಿಂದಲೇ ಬೇಗಡೆ ಹೇಗೆ ಅರಳಿತೆಂಬುದನ್ನು ಕೇಳಿ ಬರೆಯುವುದು ಕಷ್ಟ. ಆಚಾರ್ಯರು ತಿರುವೈಯಾರಿನಲ್ಲಿ ಕುಳಿತು ಆ ಕಷ್ಟದ ಕೆಲಸವನ್ನು ಕಲಿತರು. ಮುಂದಿನ ಕಚೇರಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಬರೆಯುವ ಪುಸ್ತಕದೊಡನೆ ಅಷ್ಟು ತಾಳ್ಮೆಯನ್ನೂ ಒಯ್ದರೆ ಸಾಕು.