ವೈರಸ್ಸಿನ ನಕಲುದೋಷದ ಮೂಲ ಕಂಡ ಹೋವರ್ಡ್ ಟೆಮಿನ್

ಸಿಂಧನೂರು ತಾಲ್ಲೂಕಿನ ಮುಕ್ಕುಂದದ ಗರ್ಭಿಣಿಯೊಬ್ಬರು ಎಚ್‌ಐವಿ ತಪಾಸಣೆಗೆ ಬರಲಿ, ಬೆಂಗಳೂರಿನ ಉದ್ಯೋಗಿಯೊಬ್ಬರು ಬರಲಿ, ಸರ್ಕಾರಿ ಪರೀಕ್ಷಾ ಕೇಂದ್ರದ ನಿಯಮ ಒಂದೇ. ಮೊದಲ ಪರೀಕ್ಷೆಯಲ್ಲಿ ಸೋಂಕಿನ ಸೂಚನೆ ಕಂಡರೂ ಅಷ್ಟಕ್ಕೇ ತೀರ್ಪು ನೀಡುವಂತಿಲ್ಲ. ಬೇರೆ ಬೇರೆ ತತ್ತ್ವದ ಇನ್ನೆರಡು ಕಿಟ್‌ಗಳೂ ಅದನ್ನೇ ಹೇಳಿದ ಮೇಲಷ್ಟೇ ಸೋಂಕು ಖಚಿತವಾಗುತ್ತದೆ. ಸೋಂಕಿಲ್ಲದವರನ್ನು ಸೋಂಕಿತರೆಂದು ಘೋಷಿಸುವ ಪ್ರಮಾದವನ್ನು ತಪ್ಪಿಸುವುದು ಇದರ ಉದ್ದೇಶ. ಮೊದಲ ಕಿಟ್‌ನ ಹೊಣೆ ಬೇರೆ: ವೈರಸ್ಸಿನ ಯಾವ ರೂಪವೂ ಅದರ ಕಣ್ಣು ತಪ್ಪಬಾರದು. ಈ ವೈರಸ್ಸಿಗೆ ಇಷ್ಟೊಂದು ರೂಪಗಳೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಅಮೆರಿಕದ ವಿಜ್ಞಾನಿ ಹೋವರ್ಡ್ ಟೆಮಿನ್ ಅವರ ಬದುಕಿನ ಬಳಿ ಬಂದು ನಿಲ್ಲಬೇಕಾಗುತ್ತದೆ.

ಕೋಳಿಯ ಗೆಡ್ಡೆಯಿಂದ ಆರಂಭ

ಟೆಮಿನ್ ಜನಿಸಿದ್ದು 1934ರ ಡಿಸೆಂಬರ್ 10ರಂದು, ಫಿಲಡೆಲ್ಫಿಯಾ ನಗರದಲ್ಲಿ. ತಂದೆ ವಕೀಲರು. ಶಾಲಾ ದಿನಗಳಲ್ಲೇ ಬೇಸಿಗೆ ರಜೆಯನ್ನು ಪ್ರಯೋಗಾಲಯದಲ್ಲಿ ಕಳೆಯುತ್ತಿದ್ದ ಹುಡುಗ 1955ರಲ್ಲಿ ಸ್ವಾರ್ತ್‌ಮೋರ್ ಕಾಲೇಜಿನಿಂದ ಪದವಿ ಪಡೆದು, ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ ರೆನಾಟೊ ಡುಲ್ಬೆಕೊ ಅವರ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರು ಆರಿಸಿಕೊಂಡದ್ದು ಕೋಳಿಗಳಲ್ಲಿ ಕ್ಯಾನ್ಸರ್ ಉಂಟುಮಾಡುವ ರೌಸ್ ವೈರಸ್ಸನ್ನು. 1958ರಲ್ಲಿ ಹ್ಯಾರಿ ರೂಬಿನ್ ಜೊತೆಗೂಡಿ, ಈ ವೈರಸ್ಸನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿಯೇ ಎಣಿಸುವ ವಿಧಾನವನ್ನು ರೂಪಿಸಿದರು. ವೈರಸ್ಸಿನ ಬೇರೆ ಬೇರೆ ತಳಿಗಳು ಕೋಶಗಳಿಗೆ ಬೇರೆ ಬೇರೆ ಆಕಾರ ಕೊಡುತ್ತಿದ್ದವು. ಹಾಗಾದರೆ ಕೋಶದ ಲಕ್ಷಣವನ್ನೇ ವೈರಸ್ಸಿನ ವಂಶವಾಹಿ ಶಾಶ್ವತವಾಗಿ ಬದಲಿಸುತ್ತಿದೆ ಎಂಬ ಅನುಮಾನ ಅವರಲ್ಲಿ ಮೂಡಿತು.

1960ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ ಟೆಮಿನ್‌ಗೆ ದೊರೆತದ್ದು ನೆಲಮಾಳಿಗೆಯ ಪ್ರಯೋಗಾಲಯ. ಅಲ್ಲಿಂದಲೇ 1964ರಲ್ಲಿ ಅವರು ಒಂದು ಸಿದ್ಧಾಂತವನ್ನು ಮುಂದಿಟ್ಟರು. ರೌಸ್ ವೈರಸ್ಸಿನ ವಂಶವಾಹಿ ಆರ್‌ಎನ್‌ಎ. ಅದು ಕೋಶವನ್ನು ಹೊಕ್ಕ ಮೇಲೆ ಡಿಎನ್‌ಎ ಆಗಿ ನಕಲುಗೊಂಡು ಕೋಶದ ಸ್ವಂತ ಡಿಎನ್‌ಎಯಲ್ಲಿ ಸೇರಿಕೊಳ್ಳುತ್ತದೆ ಎಂಬುದು ಅವರ ವಾದ. ಹೀಗೆ ಅಡಗಿ ಕುಳಿತ ರೂಪವೇ ಪ್ರೋವೈರಸ್.

ವಿಜ್ಞಾನ ಲೋಕ ಇದನ್ನು ಒಪ್ಪಲಿಲ್ಲ. ಮಾಹಿತಿ ಡಿಎನ್‌ಎಯಿಂದ ಆರ್‌ಎನ್‌ಎಗೆ ಹರಿಯುತ್ತದೆಯೇ ಹೊರತು ಹಿಮ್ಮುಖವಾಗಿ ಹರಿಯದು ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ಸುಮಾರು ಆರು ವರ್ಷಗಳ ಕಾಲ ಟೆಮಿನ್ ಬಹುಮಟ್ಟಿಗೆ ಒಂಟಿಯಾಗಿ ಈ ವಾದವನ್ನು ಹೊತ್ತು ನಡೆದರು. 1970ರಲ್ಲಿ ಸಹೋದ್ಯೋಗಿ ಸತೋಶಿ ಮಿಜುತಾನಿ ಅವರೊಂದಿಗೆ, ಆರ್‌ಎನ್‌ಎಯನ್ನು ಡಿಎನ್‌ಎ ಆಗಿ ನಕಲಿಸುವ ಕಿಣ್ವವನ್ನು ವೈರಸ್ಸಿನ ಕಣದೊಳಗೇ ಪತ್ತೆಹಚ್ಚಿದರು. ಅದೇ ವೇಳೆಗೆ ಡೇವಿಡ್ ಬಾಲ್ಟಿಮೋರ್ ಸಹ ಸ್ವತಂತ್ರವಾಗಿ ಅದನ್ನು ಕಂಡುಹಿಡಿದಿದ್ದರು. ಆ ಕಿಣ್ವಕ್ಕೆ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಹೆಸರು ನಿಂತಿತು. 1975ರ ಡಿಸೆಂಬರ್ 10ರಂದು, ತಮ್ಮ 41ನೇ ಹುಟ್ಟುಹಬ್ಬದ ದಿನವೇ, ಟೆಮಿನ್ ಬಾಲ್ಟಿಮೋರ್ ಮತ್ತು ಡುಲ್ಬೆಕೊ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸ್ವೀಕರಿಸಿದರು.

ಒಂದು ವೈರಸ್ ಅಲ್ಲ, ಹಲವು

1983ರಲ್ಲಿ ಪ್ಯಾರಿಸ್‌ನಲ್ಲಿ ಏಡ್ಸ್ ವೈರಸ್ ಪತ್ತೆಯಾದಾಗ ಅದು ಕೂಡ ಇದೇ ರೆಟ್ರೋವೈರಸ್ ಕುಲಕ್ಕೆ ಸೇರಿದ್ದು ತಿಳಿಯಿತು. 1986ರಲ್ಲಿ ಈ ವೈರಸ್ಸಿಗೆ ಎಚ್‌ಐವಿ ಎಂಬ ಹೆಸರನ್ನು ಸೂಚಿಸಿದ ತಜ್ಞರ ಸಮಿತಿಯಲ್ಲಿ ಟೆಮಿನ್ ಕೂಡ ಇದ್ದರು. ಅದೇ ವರ್ಷ ಪಶ್ಚಿಮ ಆಫ್ರಿಕಾದ ರೋಗಿಗಳಿಂದ ಎಚ್‌ಐವಿ–2 ಎಂಬ ಇನ್ನೊಂದು ಪ್ರಭೇದ ಬೆಳಕಿಗೆ ಬಂತು. 1986ರಲ್ಲೇ ಭಾರತದಲ್ಲಿಯೂ ಮೊದಲ ಸೋಂಕುಗಳು ಪತ್ತೆಯಾದವು.

ಟೆಮಿನ್ ಮುಂದಿನ ವರ್ಷಗಳನ್ನು ರೆಟ್ರೋವೈರಸ್‌ಗಳ ಬದಲಾವಣೆಯ ಗುಟ್ಟಿಗೆ ಮೀಸಲಿಟ್ಟರು. ಡಿಎನ್‌ಎ ನಕಲಿಸುವಾಗ ನಮ್ಮ ಕೋಶಗಳು ತಪ್ಪನ್ನು ತಿದ್ದಿಕೊಳ್ಳುತ್ತವೆ; ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್‌ಗೆ ಆ ಶಕ್ತಿಯಿಲ್ಲ. ಕೈಬರಹದ ಪ್ರತಿಯನ್ನು ಓದಿ ತಿದ್ದದೆ ಮತ್ತೆ ಮತ್ತೆ ನಕಲು ಮಾಡುವ ಲಿಪಿಕಾರನಂತೆ ಅದರ ಕೆಲಸ. ವೈರಸ್ಸಿನ ಪ್ರತಿ ಕಣದಲ್ಲಿ ಆರ್‌ಎನ್‌ಎಯ ಎರಡು ಎಳೆಗಳಿರುವುದರಿಂದ, ನಕಲಿಸುವಾಗ ಕಿಣ್ವ ಒಂದರಿಂದ ಇನ್ನೊಂದಕ್ಕೆ ಜಿಗಿದು ಎರಡನ್ನೂ ಬೆರೆಸಲೂ ಬಲ್ಲದು. ಈ ತಪ್ಪುಗಳ ಮತ್ತು ಬೆರಕೆಯ ಪ್ರಮಾಣವನ್ನು ಹಕ್ಕಿಗಳ ವೈರಸ್ಸೊಂದರಲ್ಲಿ ಅಳೆದು ಟೆಮಿನ್ ತಂಡ 1990ರಲ್ಲಿ ಪ್ರಕಟಿಸಿತು. ಚಿಕಿತ್ಸೆಯಿಲ್ಲದ ಸೋಂಕಿತರ ದೇಹದಲ್ಲಿ ದಿನಕ್ಕೆ ಸುಮಾರು 1,000 ಕೋಟಿ ಹೊಸ ಎಚ್‌ಐವಿ ಕಣಗಳು ಹುಟ್ಟುತ್ತವೆ ಎಂಬ ಅಂದಾಜನ್ನು ಇದರೊಡನೆ ಇಟ್ಟು ನೋಡಿದರೆ, ವೈವಿಧ್ಯ ಎಲ್ಲಿಂದ ಬಂತೆಂಬುದು ತಾನೇ ಸ್ಪಷ್ಟವಾಗುತ್ತದೆ.

ರೋಗಿಯ ಮಟ್ಟದಲ್ಲಿ ಪರಿಣಾಮ

1994ರಲ್ಲಿ ವಿಜ್ಞಾನಿಗಳಿಗೆ ಎಚ್ಚರಿಕೆಯ ಗಂಟೆ ಬಾರಿಸಿತು. ಕ್ಯಾಮರೂನ್ ಮೂಲದ 'ಒ' ಗುಂಪಿನ ಎಚ್‌ಐವಿ–1 ಸೋಂಕು ಇದ್ದ ಕೆಲವರ ರಕ್ತದಲ್ಲಿ ಆಗಿನ ಕೆಲವು ಕಿಟ್‌ಗಳು ಏನನ್ನೂ ಕಾಣಲಿಲ್ಲ. ಬಳಿಕ ಕಿಟ್‌ಗಳನ್ನು ಹೊಸ ರೂಪಗಳನ್ನೂ ಗುರುತಿಸುವಂತೆ ಸುಧಾರಿಸಲಾಯಿತು.

ಭಾರತದಲ್ಲಿ ಬಹುಪಾಲು ಸೋಂಕು ಎಚ್‌ಐವಿ–1ರ 'ಸಿ' ಉಪವಿಧದ್ದು. ಆರಂಭದ ಸಂಶೋಧನೆ ಹೆಚ್ಚಾಗಿ ನಡೆದದ್ದು ಅಮೆರಿಕ, ಯುರೋಪ್‌ಗಳ 'ಬಿ' ಉಪವಿಧದ ಮೇಲೆ. ಈ ಅಂತರವನ್ನು ತುಂಬುವ ಕೆಲಸ ಕರ್ನಾಟಕದಲ್ಲಿಯೂ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ 'ಸಿ' ಉಪವಿಧದ ವಿಶಿಷ್ಟ ಲಕ್ಷಣಗಳನ್ನು ಅಧ್ಯಯನ ಮಾಡಿ, ಅದರಲ್ಲಿಯೇ ಹೊಸ ರೂಪಗಳು ತಲೆಯೆತ್ತುತ್ತಿರುವುದನ್ನು ತೋರಿಸಿದೆ.

ದೇಶದಲ್ಲಿ ಎಚ್‌ಐವಿ–2 ವಿರಳವಾದರೂ ಇದೆ. ಅದನ್ನು ಪ್ರತ್ಯೇಕವಾಗಿ ಗುರುತಿಸದಿದ್ದರೆ ರೋಗಿಗೆ ಅಪಾಯ. ನೆವಿರಪಿನ್, ಎಫಾವಿರೆಂಜ್ ಮಾತ್ರೆಗಳು ಅದರ ಮೇಲೆ ಕೆಲಸ ಮಾಡುವುದಿಲ್ಲ. ಎಚ್‌ಐವಿ–1ಕ್ಕಾಗಿ ರೂಪಿಸಿದ ವೈರಲ್ ಲೋಡ್ ಪರೀಕ್ಷೆ ಅದನ್ನು ಅಳೆಯಲಾರದು. ವೈರಸ್ ಇಲ್ಲವೆಂಬ ವರದಿ ಕೈಯಲ್ಲಿರುವಾಗಲೇ ರೋಗಿ ಕೃಶವಾಗುತ್ತಾ ಹೋಗಬಹುದು. ಈಗ ಮೊದಲ ಸಾಲಿನ ಚಿಕಿತ್ಸೆಯಲ್ಲಿರುವ ಡೊಲುಟೆಗ್ರಾವಿರ್ ಎರಡೂ ಪ್ರಭೇದಗಳ ಮೇಲೆ ಪರಿಣಾಮಕಾರಿಯಾಗಿರುವುದು ಸಮಾಧಾನದ ಸಂಗತಿ.

ಮಾತ್ರೆ ತಪ್ಪಿಸಿದಾಗಲೂ ಇದೇ ನಕಲುದೋಷ ತೊಂದರೆ ಕೊಡುತ್ತದೆ. ಔಷಧದ ಪ್ರಮಾಣ ಇಳಿದ ಹೊತ್ತಿನಲ್ಲಿ ಹುಟ್ಟುವ ಅಸಂಖ್ಯ ತಪ್ಪು ನಕಲುಗಳಲ್ಲಿ ಔಷಧಕ್ಕೆ ಬಗ್ಗದ ಒಂದು ಉಳಿದುಕೊಂಡರೆ ಸಾಕು, ಅದೇ ಬೆಳೆಯುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗಗಳಿಂದ ದುಡಿಮೆಗಾಗಿ ಗುಳೆ ಹೋಗುವವರು ಹೋದ ಊರಿನಲ್ಲಿಯೂ ಎಆರ್‌ಟಿ ಚಿಕಿತ್ಸೆಯನ್ನು ಮುಂದುವರಿಸುವುದು ಆದ್ದರಿಂದಲೇ ಅಗತ್ಯ.

ಟೆಮಿನ್ ಅವರ ಪ್ರೋವೈರಸ್ ಸಿದ್ಧಾಂತ ನವಜಾತ ಶಿಶುಗಳ ನೆರವಿಗೂ ಬಂದಿದೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ಸಾಮಾನ್ಯ ಕಿಟ್ ನಂಬಲಾಗದು. ಹಾಗಾಗಿ ಆರು ವಾರದ ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳಲ್ಲಿ ವೈರಸ್ಸಿನ ವಂಶವಾಹಿಯನ್ನೇ, ಕೋಶದೊಳಗೆ ಅಡಗಿದ ಡಿಎನ್‌ಎ ಸಹಿತ, ಹುಡುಕಲಾಗುತ್ತದೆ. 1964ರಲ್ಲಿ ಯಾರೂ ನಂಬದ ಡಿಎನ್‌ಎ ಅದು.

ನೊಬೆಲ್ ಸಮಾರಂಭದ ಸಂದರ್ಭದಲ್ಲೇ ಧೂಮಪಾನದ ವಿರುದ್ಧ ಮಾತನಾಡಿದ್ದ ಟೆಮಿನ್ ಎಂದೂ ಸಿಗರೇಟು ಸೇದಿದವರಲ್ಲ. ಆದರೂ ಶ್ವಾಸಕೋಶದ ಕ್ಯಾನ್ಸರ್‌ನಿಂದಾಗಿ 1994ರ ಫೆಬ್ರವರಿ 9ರಂದು, 59ನೇ ವಯಸ್ಸಿನಲ್ಲಿ ನಿಧನರಾದರು. ಸೈಕಲ್ಲಿನಲ್ಲೇ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದ ಅವರ ನೆನಪಿಗೆ ಮ್ಯಾಡಿಸನ್ ನಗರದ ಸರೋವರದಂಚಿನ ಹಾದಿಗೆ ಅವರದೇ ಹೆಸರಿಡಲಾಗಿದೆ.