ಗರ್ಭಿಣಿ ತಾಯಿಯ ಕ್ರಿಸ್ಮಸ್: ಸಂತ ಝೇಲಿ ಮಾರ್ಟಿನ್

ಆಗಮನ ಕಾಲದಲ್ಲಿ ಧರ್ಮಸಭೆಯು ಗರ್ಭವತಿಯಾದ ಕನ್ಯಾಮರಿಯಮ್ಮನವರೊಡನೆ ಪ್ರಭುವಿನ ಜನನಕ್ಕಾಗಿ ಕಾಯುತ್ತದೆ. ಈ ಕಾಯುವಿಕೆಯನ್ನು ತಮ್ಮ ಒಡಲಿನಲ್ಲಿಯೇ ಅನುಭವಿಸುವವರು ಹೆರಿಗೆಯನ್ನು ಎದುರುನೋಡುವ ತಾಯಂದಿರು. ಗೋದಲಿಯ ಮುಂದೆ ಮೊಣಕಾಲೂರುವ ಅವರ ಮನದಲ್ಲಿ ಹರ್ಷದೊಡನೆ ಆತಂಕವೂ ಇರುತ್ತದೆ. 1872ರ ಕ್ರಿಸ್ಮಸ್ಸಿನಲ್ಲಿ ಫ್ರಾನ್ಸ್ ದೇಶದ ಅಲೆನ್ಸೋನ್ ಪಟ್ಟಣದಲ್ಲಿ ತಾಯಿಯೊಬ್ಬರು ಹೀಗೆಯೇ ಕಾದಿದ್ದರು. ಅವರೇ, ಕಿರುಪುಷ್ಪವೆಂದು ನಾವು ಅಕ್ಕರೆಯಿಂದ ಕರೆಯುವ ಸಂತ ತೆರೇಸಾರ ತಾಯಿ ಝೇಲಿ ಮಾರ್ಟಿನ್.

ಝೇಲಿ ಹುಟ್ಟಿದ್ದೂ ಕ್ರಿಸ್ಮಸ್ಸಿನ ಹೊಸ್ತಿಲಲ್ಲೇ, 1831ರ ಡಿಸೆಂಬರ್ 23ರಂದು. ರೋಗಿಗಳ ಸೇವೆ ಮಾಡುವ ಸನ್ಯಾಸಿನಿಯಾಗಬೇಕೆಂಬುದು ಅವರ ಯೌವನದ ಹಂಬಲವಾಗಿತ್ತು. ಮಠ ಅವರನ್ನು ಸ್ವೀಕರಿಸಲಿಲ್ಲ. ಹಾಗಾದರೆ ತಮಗೆ ಅನೇಕ ಮಕ್ಕಳನ್ನು ಅನುಗ್ರಹಿಸಬೇಕೆಂದೂ ಅವರೆಲ್ಲರೂ ದೇವರಿಗೆ ಮೀಸಲಾಗಬೇಕೆಂದೂ ಅವರು ಪ್ರಾರ್ಥಿಸಿದರು. ಅಲೆನ್ಸೋನಿನ ಪ್ರಸಿದ್ಧ ಸೂಜಿಕಸೂತಿಯ ಲೇಸು ಹೆಣೆಯುವ ಕಲೆಯನ್ನು ಕಲಿತು ಸ್ವಂತ ಉದ್ಯಮ ಆರಂಭಿಸಿದರು. ಇತರ ಹೆಂಗಸರು ಹೆಣೆದು ತಂದ ತುಂಡುಗಳನ್ನು, ಜೋಡಣೆ ಕಣ್ಣಿಗೆ ಬೀಳದಂತೆ ಬೆಸೆಯುವುದು ಅವರ ಕೈಚಳಕವಾಗಿತ್ತು. ಲೂಯಿ ಮಾರ್ಟಿನ್ ಎಂಬ ಗಡಿಯಾರ ತಯಾರಕರೊಡನೆ 1858ರ ಜುಲೈ 13ರಂದು ಅವರ ವಿವಾಹ ನೆರವೇರಿತು. ಲೂಯಿಯವರೂ ಒಮ್ಮೆ ಸನ್ಯಾಸಿಯಾಗಬಯಸಿ, ಲ್ಯಾಟಿನ್ ಭಾಷೆ ಬಾರದ ಕಾರಣ ಹಿಂದಿರುಗಿದವರು.

ಈ ದಂಪತಿಗೆ ಒಂಬತ್ತು ಮಕ್ಕಳು ಜನಿಸಿದರು. ಆದರೆ ನಾಲ್ಕೇ ವರ್ಷಗಳೊಳಗೆ ನಾಲ್ಕು ಮಕ್ಕಳನ್ನು ಮಣ್ಣಿಗೊಪ್ಪಿಸಬೇಕಾಯಿತು. 1867ರ ಫೆಬ್ರವರಿಯಲ್ಲಿ ಮೊದಲ ಗಂಡುಮಗು ಜೋಸೆಫ್ ತೀರಿಕೊಂಡಿತು. ಅದೇ ವರ್ಷ ಡಿಸೆಂಬರ್ 19ರಂದು ಎರಡನೆಯ ಗಂಡುಮಗು ಹುಟ್ಟಿತು. ಅದಕ್ಕೂ ಜೋಸೆಫ್ ಎಂದೇ ಹೆಸರಿಟ್ಟರು. ಆ ಕ್ರಿಸ್ಮಸ್ಸಿನಲ್ಲಿ ಮನೆಯಲ್ಲಿ ಆರು ದಿನದ ಕೂಸಿತ್ತು. ಮುಂದಿನ ಕ್ರಿಸ್ಮಸ್ ಬರುವಷ್ಟರಲ್ಲಿ ಅದು ಇರಲಿಲ್ಲ. 1870ರಲ್ಲಿ ಐದು ವರ್ಷದ ಎಲೆನ್, ಬಳಿಕ ಎರಡು ತಿಂಗಳೂ ತುಂಬದ ಮೆಲನಿ ತೆರೇಸಾ ಅಗಲಿದರು. ಈ ಮಕ್ಕಳು ಹುಟ್ಟದಿದ್ದರೇ ಚೆನ್ನಾಗಿತ್ತೆಂದು ಕೆಲವರು ಸಮಾಧಾನ ಹೇಳಿದರು. ಆ ಮಾತನ್ನು ಝೇಲಿ ಎಂದೂ ಒಪ್ಪಲಿಲ್ಲ. ಪಟ್ಟ ಕಷ್ಟವನ್ನು ಮಕ್ಕಳ ನಿತ್ಯಸೌಖ್ಯದೊಡನೆ ತೂಗಲಾಗದು, ಅವರನ್ನು ಪರಲೋಕದಲ್ಲಿ ಮರಳಿ ಕಾಣುವೆನೆಂಬುದೇ ಅವರ ವಿಶ್ವಾಸವಾಗಿತ್ತು.

ಇಷ್ಟೆಲ್ಲ ಆದ ಮೇಲೆ ಅವರು ಮತ್ತೆ ಗರ್ಭಿಣಿಯಾದರು. ಆಗ ಅವರಿಗೆ ನಲವತ್ತು ದಾಟಿತ್ತು. ಎದೆಯ ತೊಂದರೆಯಿಂದ ಹಿಂದಿನ ಕೆಲವು ಮಕ್ಕಳಿಗೆ ಹಾಲೂಡಿಸಲಾಗಿರಲಿಲ್ಲ. ದಾದಿಯ ಅಲಕ್ಷ್ಯದಿಂದ ಮೆಲನಿಯನ್ನು ಕಳೆದುಕೊಂಡ ನೋವು ಮಾಸಿರಲಿಲ್ಲ. ಆ ಡಿಸೆಂಬರಿನಲ್ಲಿ ಹೆರಿಗೆ ಸಮೀಪಿಸುತ್ತಿದ್ದರೂ ನಂಬಿಗಸ್ತ ದಾದಿ ಸಿಗದ ಚಿಂತೆ ಅವರ ಪತ್ರಗಳಲ್ಲಿ ಕಾಣುತ್ತದೆ. ಆದರೂ ಅವರು ಹಾಡುವುದನ್ನು ಬಿಟ್ಟಿರಲಿಲ್ಲ. ತಾವು ಹಾಡಿದಾಗ ಗರ್ಭದ ಕೂಸೂ ತಮ್ಮೊಡನೆ ಹಾಡಿದಂತೆ ಅವರಿಗೆ ಅನಿಸುತ್ತಿತ್ತು. ಹಿಂದಿನ ಯಾವ ಮಗುವಿನಲ್ಲಿಯೂ ಅವರಿಗೆ ಇಂತಹ ಅನುಭವವಾಗಿರಲಿಲ್ಲ.

1873ರ ಜನವರಿ 2ರ ರಾತ್ರಿ ಹೆಣ್ಣುಮಗು ಹುಟ್ಟಿತು. 4ರಂದು ನೋತ್ರ್ ದಾಮ್ ದೇವಾಲಯದಲ್ಲಿ ಜ್ಞಾನಸ್ನಾನವಾಯಿತು. ಅಗಲಿದ ಮಗುವಿನ ತೆರೇಸಾ ಎಂಬ ಹೆಸರನ್ನೇ ಇದಕ್ಕೂ ಇಟ್ಟರು. ಮಾರ್ಚಿಯಲ್ಲಿ ಮಗು ಸಾವಿನಂಚಿಗೆ ಬಂದಾಗ ಝೇಲಿ ಬೆಳಗಿನ ಜಾವವೇ ಸೆಮಾಲೆ ಗ್ರಾಮಕ್ಕೆ ನಡೆದುಹೋಗಿ ರೋಸ್ ಎಂಬ ದಾದಿಯನ್ನು ಕರೆತಂದರು. ಮಗುವನ್ನು ಅವಳ ಮಡಿಲಿಗಿತ್ತು, ತಾವು ಮೇಲಿನ ಕೋಣೆಯಲ್ಲಿ ಸಂತ ಜೋಸೆಫರ ಪ್ರತಿಮೆಯ ಮುಂದೆ ಮೊಣಕಾಲೂರಿದರು. ಮಗು ಉಳಿಯಿತು. ಮುಂದೆ ಒಂದು ವರ್ಷ ಅದು ಆ ದಾದಿಯ ಹಳ್ಳಿಮನೆಯಲ್ಲಿಯೇ ಬೆಳೆಯಿತು.

ಆ ಮಗಳನ್ನು ಬಹುಕಾಲ ಎತ್ತಾಡಿಸುವ ಭಾಗ್ಯ ತಾಯಿಗಿರಲಿಲ್ಲ. 1877ರ ಆಗಸ್ಟ್ 28ರಂದು ಸ್ತನ ಕ್ಯಾನ್ಸರಿನಿಂದ ಝೇಲಿ ದೈವಾಧೀನರಾದಾಗ ತೆರೇಸಾಗೆ ನಾಲ್ಕೂವರೆ ವರ್ಷ. ತಾಯಿಯ ಅಗಲಿಕೆಯಿಂದ ಮಾತುಮಾತಿಗೂ ಅಳುವಂತಾಗಿದ್ದ ಆ ಬಾಲೆಗೆ ಮನೋಬಲ ಮರಳಿದ್ದು 1886ರ ಕ್ರಿಸ್ಮಸ್ ರಾತ್ರಿ, ನಡುರಾತ್ರಿಯ ಬಲಿಪೂಜೆಯ ಬಳಿಕ. ಬದುಕುಳಿದ ಐವರು ಹೆಣ್ಣುಮಕ್ಕಳೂ ಸನ್ಯಾಸಿನಿಯರಾದರು. ತಾಯಿಯ ಯೌವನದ ಪ್ರಾರ್ಥನೆ ಹೀಗೆ ಫಲಿಸಿತು. ಆದರೆ ಅದನ್ನು ಕಾಣಲು ಅವರಿರಲಿಲ್ಲ. 2015ರ ಅಕ್ಟೋಬರ್ 18ರಂದು ಪೋಪ್ ಫ್ರಾನ್ಸಿಸರು ಲೂಯಿ ಮತ್ತು ಝೇಲಿ ದಂಪತಿಯನ್ನು ಒಟ್ಟಿಗೆ ಸಂತರೆಂದು ಘೋಷಿಸಿದರು.

ಮಗು ಉಳಿಯುವುದೆಂಬ ಭರವಸೆ 1872ರ ಆ ಕ್ರಿಸ್ಮಸ್ಸಿನಲ್ಲಿ ಝೇಲಿಯವರಿಗೆ ಯಾರಿಂದಲೂ ದೊರೆತಿರಲಿಲ್ಲ. ಬೆತ್ಲೆಹೇಮಿನಲ್ಲಿಯೂ ಹಾಗೆಯೇ. ತಂಗಲು ಸ್ಥಳವಿರಲಿಲ್ಲ, ಹೆರೋದನ ಕತ್ತಿ ದೂರವಿರಲಿಲ್ಲ. ದೇವರು ತಮ್ಮ ಏಕೈಕ ಪುತ್ರನನ್ನು ಅಂತಹ ಲೋಕಕ್ಕೇ ಕೂಸಾಗಿ ಕಳುಹಿಸಿದರು. ಆದ್ದರಿಂದ ಈ ಕ್ರಿಸ್ಮಸ್ಸಿನಲ್ಲಿ ಗೋದಲಿಯ ಮುಂದೆ ಅಂಜಿಕೆಯಿಂದ ನಿಲ್ಲುವ ಗರ್ಭಿಣಿಯು ತನ್ನಲ್ಲಿ ವಿಶ್ವಾಸ ಕಡಿಮೆಯೆಂದು ನೊಂದುಕೊಳ್ಳಬೇಕಿಲ್ಲ. ಝೇಲಿಯವರೂ ಅಂಜಿದ್ದರು, ಆದರೂ ತೊಟ್ಟಿಲನ್ನು ಸಿದ್ಧಗೊಳಿಸಿದರು. ನಮ್ಮ ಕುಟುಂಬಗಳಲ್ಲಿ ಹೆರಿಗೆಯನ್ನು ಕಾದಿರುವ ಎಲ್ಲ ತಾಯಂದಿರನ್ನೂ, ಮಕ್ಕಳನ್ನು ಕಳೆದುಕೊಂಡು ಮೌನವಾಗಿ ನೋಯುತ್ತಿರುವವರನ್ನೂ ಈ ಸಂತ ತಾಯಿಯ ಪ್ರಾರ್ಥನೆಗೆ ಒಪ್ಪಿಸೋಣ.