ಮೇರಿ ಕ್ಯೂರಿ: ಓದಿನ ಹಠ, ರೋಗಿಗಳ ನೆಮ್ಮದಿ

ಮೇರಿ ಕ್ಯೂರಿ 1867ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದರು. ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಆಗ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಮನೆಪಾಠ ಹೇಳಿ ಅಕ್ಕನ ಓದಿಗೆ ನೆರವಾದ ಅವರು, 1891ರಲ್ಲಿ ತಾವೂ ಓದಲು ಪ್ಯಾರಿಸ್ ಸೇರಿದರು. 1898ರಲ್ಲಿ ಪತಿ ಪಿಯರ್ ಜೊತೆ ರೇಡಿಯಂ ಕಂಡುಹಿಡಿದರು; ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. 1903 ಮತ್ತು 1911ರಲ್ಲಿ ನೊಬೆಲ್ ಬಹುಮಾನ ಪಡೆದ ಅವರು, 1934ರಲ್ಲಿ ತೀವ್ರ ರಕ್ತಹೀನತೆಯಿಂದ ನಿಧನರಾದರು.

ಅವರು ತೆರೆದ ದಾರಿ ಮುಂದುವರಿಯಿತು. ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದಾಗ ನೋವು ಅಸಹನೀಯ. ವಿಕಿರಣ ಸೂಸುವ ಸ್ಟ್ರಾನ್ಷಿಯಂ-89 ಅನ್ನು ರಕ್ತನಾಳಕ್ಕೆ ಚುಚ್ಚಿದರೆ, ಅದು ಕ್ಯಾಲ್ಸಿಯಂನಂತೆಯೇ ಮೂಳೆ ಸೇರಿ, ರೋಗವಿರುವಲ್ಲಿ ಹೆಚ್ಚಾಗಿ ನಿಂತು ಎಷ್ಟೋ ರೋಗಿಗಳ ನೋವು ತಗ್ಗಿಸುತ್ತದೆ. ರೋಗ ವಾಸಿಯಾಗದು; ಆದರೆ ರಾತ್ರಿ ನಿದ್ದೆ ಬರುತ್ತದೆ.

ನಿಮ್ಮ ಮನೆಯ ಹೆಣ್ಣುಮಗಳ ಓದು ನಿಲ್ಲಿಸುವ ಮುನ್ನ ಇದನ್ನು ನೆನೆಯಿರಿ.